ಮಾತಿಗೆ ಕಾಯುತ್ತಿದ್ದ ಓರಗಿತ್ತಿ

ಮನೆಗೆ ಯಾರಾದರೂ ಬಂದರೆ ನನ್ನ ಓರಗಿತ್ತಿಯ ಹೆಬ್ಬೆರಳುಗಳು ಮುಷ್ಟಿಯೊಳಗೆ ಸೇರಿಕೊಳ್ಳುತ್ತಿದ್ದವು. ಉಳಿದ ಬೆರಳುಗಳು ಅವುಗಳ ಮೇಲೆ ಬಿಗಿಯಾಗಿ ಮುಚ್ಚಿಕೊಂಡು ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಮುಖದಲ್ಲಿ ಮಾತ್ರ ನಗು. ಬಂದವರು ನಗು ನೋಡುತ್ತಿದ್ದರು, ನಾನು ಕೈ ನೋಡುತ್ತಿದ್ದೆ. ನೋಡಿ, ಎಷ್ಟು ಜಂಭ ಇವಳಿಗೆ, ಎಂದುಕೊಳ್ಳುತ್ತಿದ್ದೆ.

ಚಾಮರಾಜಪೇಟೆಯ ನಮ್ಮ ಮನೆಯ ಬಾಗಿಲು ಬೀದಿಗೇ ತೆರೆದುಕೊಳ್ಳುತ್ತದೆ. ಮುಂದಿನ ರೂಮಿನಲ್ಲಿ ನನ್ನ ಸೀರೆ ವ್ಯಾಪಾರ. ಹತ್ತು ಗಂಟೆಯಿಂದ ಹೆಂಗಸರು ಬರುತ್ತಾರೆ. ಕೊಳ್ಳದವರೂ ಕೂತು, ಕಾಫಿ ಕುಡಿದು, ಸುದ್ದಿ ಹೇಳಿ ಹೋಗುತ್ತಾರೆ. ನನಗೆ ಅದೇ ಉಸಿರು. ಒಂದು ದಿನ ಯಾರೂ ಬರದಿದ್ದರೆ ಸಂಜೆಗೆ ತಲೆನೋವು. ಇಂಥ ಮನೆಗೆ ಮೈದುನನ ಹೆಂಡತಿಯಾಗಿ ಬಂದವಳು ಅವಳು. ಪಕ್ಕದ ರಸ್ತೆಯ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ. ಮಧ್ಯಾಹ್ನ ಬಂದವಳೇ ಚಪ್ಪಲಿ ಬಿಟ್ಟು ನೇರವಾಗಿ ತಾರಸಿಗೆ ಹೋಗುತ್ತಿದ್ದಳು. ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಗಂಟೆ ಒಬ್ಬಳೇ ಕೂತು, ಇಳಿದು ಬಂದು, "ಏನ್ ಮಾಡ್ಲಿ ಅಕ್ಕ?" ಎನ್ನುತ್ತಿದ್ದಳು. ಒಂದೇ ಮನೆ, ಒಂದೇ ಕರೆಗಂಟೆ. ಅದು ಸದ್ದು ಮಾಡಿದರೆ ನನಗೆ ಹಬ್ಬ, ಅವಳಿಗೆ ಪರೀಕ್ಷೆ. ಆಗ ನನಗೆ ಇದು ಹೊಳೆದಿರಲಿಲ್ಲ. ಆ ಕಾಲು ಗಂಟೆ ನನ್ನನ್ನು ಚುಚ್ಚುತ್ತಿತ್ತು, ಅಷ್ಟೆ.

ಅವಳು ಬಂದ ವರ್ಷದ ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರನ್ನೆಲ್ಲ ಕರೆದಿದ್ದೆ. "ಹೊಸ ಸೊಸೆ ಒಂದು ಹಾಡು ಹೇಳ್ಲಿ" ಎಂದರು ಯಾರೋ. ಅವಳು ನಕ್ಕಳು, ಅಡುಗೆಮನೆಗೆ ಹೋದಳು, ಅಲ್ಲಿಂದ ಮಹಡಿ ಹತ್ತಿದಳು. ಮೇಲಕ್ಕೂ ಕೇಳಲೆಂದೇ ನಾನು ಗಟ್ಟಿಯಾಗಿ, "ನಾವು ಅವಳ ಲೆವೆಲ್ಲಿಗೆ ಬರಲ್ಲ ಬಿಡ್ರಿ" ಎಂದೆ. ಎಲ್ಲರೂ ನಕ್ಕರು.

ಅವರೆಲ್ಲ ಹೋದ ಮೇಲೆ ಅವಳು ಇಳಿದು ಬಂದು ಲೋಟಗಳನ್ನು ತೊಳೆದಳು. ಕೊನೆಯ ಲೋಟ ಬೋರಲು ಹಾಕಿ, "ಅಕ್ಕ, ನಂಗೆ ಯಾರ ಮೇಲೂ ಏನೂ ಇಲ್ಲ. ಜಾಸ್ತಿ ಜನ ಇದ್ರೆ ನನ್ನ ಮಾತು ನಂಗೇ ಕೇಳ್ಸಲ್ಲ" ಎಂದಳು.

"ಇವೆಲ್ಲ ನೆಪ ಕಣೆ" ಎಂದೆ.

ಅಲ್ಲಿಂದ ಎರಡು ವರ್ಷ ಒಂದೇ ಒಲೆಯ ಮುಂದೆ ನಿಂತು ಉಪ್ಪು, ಹುಳಿ, ಹಾಲು ಎಂಬುದರ ಆಚೆಗೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಆಮೇಲೆ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತೂ ಹೋಯಿತು. "ಮಾತಾಡಿಸ್ತಾ ಇರಿ, ನಿಧಾನಕ್ಕೆ ಬರುತ್ತೆ" ಎಂದರು ಡಾಕ್ಟರು. ಆ ಕೆಲಸಕ್ಕೆ ನನಗಿಂತ ಬೇಕೆ? ಅವರ ಮಂಚವನ್ನು ಮುಂದಿನ ರೂಮಿಗೇ ತರಿಸಿದೆ. ಬೆಳಗಿನಿಂದ ಮಾತಾಡಿದೆ, ಬಂದವರಿಂದಲೂ ಮಾತಾಡಿಸಿದೆ. ಅತ್ತೆ "ನೀ..." ಎನ್ನುವಷ್ಟರಲ್ಲಿ "ನೀರಾ? ತಗೊಳ್ಳಿ" ಎಂದು ಲೋಟ ಹಿಡಿಯುತ್ತಿದ್ದೆ. ಬಹಳ ಸಲ ಅದು ನೀರಾಗಿರುತ್ತಿರಲಿಲ್ಲ. ಒಂದು ದಿನ ಎಡಗೈಯಿಂದ ಲೋಟ ತಳ್ಳಿ, ಗೋಡೆಯ ಕಡೆಗೆ ತಿರುಗಿಬಿಟ್ಟರು.

ಓರಗಿತ್ತಿ ತಾರಸಿಗೆ ಹೋಗುವುದನ್ನು ಬಿಟ್ಟಿದ್ದಳು. ಆ ಕಾಲು ಗಂಟೆ ಈಗ ಅತ್ತೆಯ ಪಕ್ಕದಲ್ಲಿ. ಒಮ್ಮೆ ಬಾಗಿಲ ಮರೆಯಿಂದ ನೋಡಿದೆ. ಅತ್ತೆಯ ತುಟಿ ಸೊಟ್ಟಗೆ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಇವಳು ಸುಮ್ಮನೆ ಅವರನ್ನೇ ನೋಡುತ್ತಿದ್ದಳು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ "ಬಿಸ್... ಲು" ಎಂದರು ಅತ್ತೆ. ಅವಳು ಎದ್ದು ಕಿಟಕಿ ಮುಚ್ಚಿದಳು. ಇಷ್ಟು ದಿನ ಬಿಸಿಲು ಅವರ ಕಣ್ಣಿಗೇ ಹೊಡೆಯುತ್ತಿತ್ತು.

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ಅಡುಗೆಮನೆಯಲ್ಲಿ ಅವಳನ್ನು ತಡೆದೆ. "ನಿನ್ ಥರ ಬಾಯ್ ಮುಚ್ಕೊಂಡ್ ಕೂತ್ರೆ ಅತ್ತೆ ಇರೋ ಮಾತೂ ಮರೀತಾರೆ. ಡಾಕ್ಟ್ರು ಮಾತಾಡ್ಸಿ ಅಂದಿದಾರೆ."

"ಮಾತಾಡ್ಸೋದು ಅಂದ್ರೆ ಅವ್ರು ಮಾತಾಡೋ ಹಾಗೆ ಮಾಡೋದು ಅಲ್ವಾ ಅಕ್ಕ? ಅವ್ರಿಗೊಂದು ಮಾತು ಬರೋದ್ರೊಳಗೆ ನೀವು ಹತ್ತು ಆಡ್ಬಿಡ್ತೀರ."

ಆ ವಾರವಿಡೀ ಅವಳಿಗೆ ಕಾಫಿ ಬೆರೆಸಿಕೊಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ. ಗಂಡಸರು ಕೆಲಸಕ್ಕೆ ಹೋಗಿದ್ದರು. ರೂಮಿನ ತುಂಬ ಸೀರೆ ಹರಡಿತ್ತು, ಐದಾರು ಹೆಂಗಸರಿದ್ದರು, ಮೂಲೆಯಲ್ಲಿ ಟಿವಿ ಓಡುತ್ತಿತ್ತು. ಅತ್ತೆ ಇದ್ದಕ್ಕಿದ್ದಂತೆ ಎಡಗೈಯಿಂದ ಮಂಚ ಕುಟ್ಟತೊಡಗಿದರು. "ಕಾ... ಕಾ..."

"ಕಾಫಿನಾ ಅತ್ತೆ? ಕಾಲು ನೋವಾ?"

"ಕನ್ನಡಕ ಇರ್ಬೇಕು ನೋಡ್ರಿ" ಎಂದರು ಒಬ್ಬರು. ಮತ್ತೊಬ್ಬರು ಇನ್ನೇನೋ ಹೇಳಿದರು. ಒಗಟು ಬಿಡಿಸುವ ಆಟದಂತೆ ಎಲ್ಲರೂ ಸೇರಿಕೊಂಡರು. ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕುಟ್ಟುವುದು ಜೋರಾಯಿತು.

ಪ್ರೆಸ್ಸಿಗೆ ಹೊರಟಿದ್ದ ಓರಗಿತ್ತಿ ಬಂದು ಟಿವಿ ಆರಿಸಿದಳು. "ಎಲ್ರೂ ಸ್ವಲ್ಪ ಹೊರಗ್ ಹೋಗಿ" ಎಂದಳು. ಅವಳ ದನಿ ಏರಿದ್ದನ್ನು ಕೇಳಿದ್ದು ಅದೇ ಮೊದಲು. ನಾನು ಬಾಯಿ ತೆರೆದೆ. "ಅಕ್ಕ, ನೀವೂ ಮಾತಾಡ್ಬೇಡಿ."

ನನ್ನ ಗಿರಾಕಿಗಳ ಮುಂದೆ ನನ್ನ ಮುಖ ಉರಿದುಹೋಯಿತು. ಆದರೂ ಸುಮ್ಮನಾದೆ. ಅವರೆಲ್ಲ ಎದ್ದು ಬಾಗಿಲಾಚೆ ನಿಂತರು. ಅವಳು ಸೀರೆಗಳ ನಡುವೆ ನೆಲದ ಮೇಲೆ ಕೂತು ಅತ್ತೆಯ ಎಡಗೈ ಹಿಡಿದುಕೊಂಡಳು. ಅತ್ತೆಯ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಒಳಗೆ ಕುಕ್ಕರ್ ಕೂಗಿತು. ನಾವಿಬ್ಬರೂ ಆ ಕಡೆ ಹೋಗಲಿಲ್ಲ.

"ಕಾಣ್... ತಿಲ್ಲ."

ಅವಳು ಅತ್ತೆಯ ಮುಖದ ಮುಂದೆ ಬೆರಳು ಆಡಿಸಿದಳು. ಬಲಗಡೆಗೆ ಒಯ್ದಾಗ ಆ ಕಣ್ಣುಗಳು ಅದನ್ನು ಹಿಂಬಾಲಿಸಲಿಲ್ಲ. "ಅಕ್ಕ, ಈ ಕಡೆ ಅತ್ತೆಗೆ ಏನೂ ಕಾಣ್ತಿಲ್ಲ. ಆಸ್ಪತ್ರೆಗೆ ಹೋಗ್ಬೇಕು, ಈಗ್ಲೇ" ಎಂದಳು. ಎಂದವಳು ಫೋನ್ ಹಿಡಿದು ನಿಂತೇಬಿಟ್ಟಳು. ಯಾರನ್ನು ಕರೆಯುವುದು, ಹೇಗೆ ಕರೆಯುವುದು ಅವಳಿಗೆ ತಿಳಿಯಲಿಲ್ಲ.

ನಾನು ಬೀದಿಗೆ ಓಡಿ ಗಂಟಲು ಹರಿಯುವಂತೆ ಕೂಗಿದೆ. ಎದುರು ಮನೆಯವರ ಕಾರು ಬಂತು, ನಾಲ್ಕು ಜನ ಅತ್ತೆಯನ್ನು ಎತ್ತಿ ಕೂರಿಸಿದರು. ಎರಡನೇ ಸ್ಟ್ರೋಕ್ ಎಂದರು ಡಾಕ್ಟರು. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು. ಹೊರಗಿನ ಬೆಂಚಿನಲ್ಲಿ ಅವಳು ನನ್ನ ಪಕ್ಕ ಕೂತು, "ನನ್ ಕೈಲಿ ಹಾಗೆ ಕೂಗೋಕೆ ಆಗ್ತಿರ್ಲಿಲ್ಲ ಅಕ್ಕ" ಎಂದಳು. ನನಗೂ ಹೇಳಬೇಕಾದದ್ದು ಇತ್ತು. ಅವಳ ಬಿಗಿದ ಮುಷ್ಟಿಯ ಮೇಲೆ ಕೈ ಇಟ್ಟೆ.

ಅತ್ತೆ ಇನ್ನೊಂದು ವರ್ಷ ಇದ್ದರು. ಅಷ್ಟರಲ್ಲಿ ಮೈದುನನ ಸಂಸಾರ ಮಲ್ಲೇಶ್ವರದಲ್ಲಿ ಬೇರೆ ಮನೆ ಮಾಡಿತು. ಹೋಗುವ ಮುಂಚೆ ಅವಳು ನನಗೆ ಹೇಳಿದ್ದು ಇಷ್ಟೇ: "ಮಧ್ಯಾಹ್ನ ಒಂದು ಕಾಲು ಗಂಟೆ ಅತ್ತೆ ಹತ್ರ ಕೂತ್ಕೊಳಿ ಅಕ್ಕ. ಬಾಗಿಲು ಹಾಕ್ಕೊಂಡು."

ಕೂತೆ. ಅದರಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಮಾತು ಬಾಯಿಗೆ ಬಂದಾಗಲೆಲ್ಲ ಸೆರಗು ಕಚ್ಚಿಕೊಳ್ಳುತ್ತಿದ್ದೆ. ಹಾಗೆ ಒಂದು ಮಧ್ಯಾಹ್ನ ಅತ್ತೆ ನನ್ನ ಮುಖವನ್ನೇ ನೋಡಿದರು. "ನಿಂಗೆ..." ಎಂದು ನಿಂತರು. ಕಾದೆ. ನನ್ನ ಕಾಫಿಯ ಮೇಲೆ ಕೆನೆ ಕಟ್ಟಿತು.

"ಸುಸ್ತು... ಮಲ್ಕೋ."

ಈ ಮನೆಗೆ ಬಂದ ಇಷ್ಟು ವರ್ಷದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಹೇಳುವುದಕ್ಕೆ ನಾನೇ ಬಿಡುವು ಕೊಟ್ಟಿರಲಿಲ್ಲವೇನೋ.

ಅತ್ತೆಯ ತಿಥಿಯೆಲ್ಲ ಮುಗಿದ ಮೇಲೆ ಓರಗಿತ್ತಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಆ ಕಡೆಯಿಂದ ಸದ್ದಿಲ್ಲ. ಹಿಂದಿನ ನಾನಾಗಿದ್ದರೆ 'ಹಲೋ, ಹಲೋ' ಎಂದು ಕೂಗಿ ಫೋನ್ ಇಟ್ಟುಬಿಡುತ್ತಿದ್ದೆ. ಕಿವಿಗೆ ಹಿಡಿದು ಹಾಗೇ ಕೂತೆ.

"ಮಲ್ಕೊಂಡ್ರಾ ಅಕ್ಕ?" ಎಂದಳು ಕೊನೆಗೆ.

"ಮಲ್ಕೊಂಡೆ ಕಣೆ" ಎಂದೆ.