ಬಾಣಂತಿಗೆ ಒಂದು ಚೊಂಬು ನೀರು

ಗೆಳತಿಯರೇ, ಇವತ್ತು ನಾನು ಗೆದ್ದೆ! ಆಶಾ ಕಾರ್ಯಕರ್ತೆಯಾದ ನಾನು ಬಳ್ಳಿಗಾವಿ ಕಡೆ ಒಬ್ಬ ಬಾಣಂತಿಯನ್ನು ನೋಡಲು ಹೋಗಿದ್ದೆ. ಹಾಲು ಸಾಲದೆ ಮಗು ಅಳುತ್ತಿತ್ತು, ತಾಯಿಯ ತುಟಿ ಒಣಗಿತ್ತು. ನೀರು ಕೊಡಿ ಎಂದರೆ ಅವಳ ಅತ್ತೆ ಅಡ್ಡ ನಿಂತರು.

"ಬಾಣಂತಿ ನೀರು ಕುಡಿದ್ರೆ ಹೊಟ್ಟೆ ಬರ್ತೈತಿ. ಗುಟುಕು ಕಷಾಯ ಸಾಕು."

ಹಿತ್ತಲಲ್ಲಿ ಕುರಿ ಕೂಗಿತು. "ಮರಿ ಹಾಕಿದ ಕುರಿಗೆ ನೀರು ಕುಡಿಸಲ್ವೇನ್ರೀ?" ಎಂದೆ.

"ಕುಡಿಸದೆ ಮತ್ತೆ! ಇಲ್ಲಾಂದ್ರೆ ಮರಿಗೆ ಹಾಲು ಎಲ್ಲಿಂದ ಬರ್ತೈತಿ?" ಎಂದವರೇ ತಟ್ಟನೆ ಸೊಸೆಯ ಮುಖ ನೋಡಿದರು. ತಾವೇ ಒಳಗೆ ಹೋಗಿ ಚೊಂಬಿನ ತುಂಬ ಬಿಸಿನೀರು ತಂದುಕೊಟ್ಟರು.

ನಾನು ಹೊರಡುವಾಗ ಅದೇ ಅತ್ತೆ ಪಕ್ಕದ ಮನೆಯಾಕೆಯನ್ನು ಗದರುತ್ತಿದ್ದರು: "ನಿನ್ನ ಬಾಣಂತಿ ಮಗಳಿಗೂ ನೀರು ಕುಡಿಸೇ! ನಾನು ಮೊದಲಿಂದ ಹೇಳ್ತಾನೇ ಇದೀನಿ."

ಗೆದ್ದದ್ದು ನಾನು, ಹೆಸರು ಅತ್ತೆಗೆ. ಇರಲಿ ಬಿಡಿ, ಒಂದೇ ಭೇಟಿಗೆ ಎರಡು ಮನೆ ಮುಗಿಯಿತು!