ಮೇಲಿನ ಹಲ್ಲು, ಎಡಗಣ್ಣು

ನಾನು ಚಿಕ್ಕವನಿದ್ದಾಗ ನನಗೆ ಬೆಲ್ಲದ ಹುಚ್ಚು ಎಷ್ಟಿತ್ತೆಂದರೆ, ಒಂದು ಚೂರನ್ನು ದವಡೆಗೆ ಒತ್ತಿಕೊಂಡೇ ಮಲಗುತ್ತಿದ್ದೆ ಮಕ್ಕಳೇ. ಬೆಳಿಗ್ಗೆ ಇದ್ದಿಲಪುಡಿಯಲ್ಲಿ ಹಲ್ಲುಜ್ಜು ಎಂದು ಅಪ್ಪ ಹೇಳಿದರೆ, ತುಟಿಗೆ ಮಸಿ ಬಳಿದುಕೊಂಡು ಬಂದು ‘ಉಜ್ಜಾಯ್ತು’ ಎನ್ನುತ್ತಿದ್ದೆ. ಅಂಥ ಜಾಣ ನಾನು! ಒಂಬತ್ತನೆಯ ವಯಸ್ಸಿಗೆ ಎಡಗಡೆಯ ಮೇಲಿನ ದವಡೆಹಲ್ಲೊಂದು ತೂತು ಬಿದ್ದು ನೋಯತೊಡಗಿತು.

ಕೊಣನೂರಿನ ನಮ್ಮ ಮನೆಯಲ್ಲಿ ಅಜ್ಜಿಯ ಮಾತೆಂದರೆ ಮಾತು. ಹಿಂದೊಮ್ಮೆ ಯಾರದೋ ಹಲ್ಲುನೋವಿನ ಸುದ್ದಿ ಬಂದಾಗ ಅವಳು ಹೇಳಿದ್ದಳು: “ಕೆಳಗಿನ ಹಲ್ಲು ಬೇಕಾರೆ ಕೀಳಿಸ್ಕಳ್ಳಿ, ಮೇಲ್ಗಡೇದು ಮಾತ್ರ ಬ್ಯಾಡ. ಕಣ್ಣಿನ ನರ ಕಿತ್ಕಂಡ್ ಬಂದ್ಬುಡ್ತದೆ.” ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನೋವೆಂದರೆ ಆಸ್ಪತ್ರೆಗೆ ಒಯ್ಯುತ್ತಾರೆ, ಆಸ್ಪತ್ರೆಗೆ ಹೋದರೆ ಎಡಗಣ್ಣು ಹೋಯಿತು! ಹೀಗೆಂದುಕೊಂಡು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಅಕ್ಕ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದರೆ ಬಲಗಡೆಯಲ್ಲೇ ಹೇಗೋ ನುಂಗುತ್ತಿದ್ದೆ. ಐದನೆಯ ದಿನ ಕೆನ್ನೆ ಊದಿ ಗುಟ್ಟು ರಟ್ಟಾಯಿತು.

ಮರುದಿನವೇ ಅಪ್ಪ ನನ್ನನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದರು. ಅದು ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ದೊಡ್ಡ ಒಲೆಯೊಂದನ್ನು ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಓಡಿಸುತ್ತಿದ್ದರು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ನಾನು ಮಾತ್ರ ದಾರಿಯುದ್ದಕ್ಕೂ ಕಣ್ಣು ಮಿಟುಕಿಸದೆ ನೋಡಿದ್ದೇ ನೋಡಿದ್ದು. ಹೊಲದ ತುಂಬ ಹುಚ್ಚೆಳ್ಳಿನ ಹಳದಿ ಹೂವು, ಅರಕಲಗೂಡಿನಲ್ಲಿ ಹೆಂಗಸೊಬ್ಬಳು ಮಾರುತ್ತಿದ್ದ ಬಿಸಿ ಕಡಲೆಕಾಯಿ, ಅಪ್ಪನ ಕಿವಿಯಲ್ಲಿ ಹೊಳೆಯುತ್ತಿದ್ದ ಒಂಟಿ. ವಾಪಸು ಬರುವಾಗ ಇವೆಲ್ಲ ಅರ್ಧವೇ ಕಾಣುತ್ತವೆ ಎಂದುಕೊಂಡು ಇನ್ನಷ್ಟು ಕಣ್ಣರಳಿಸಿದೆ.

ಆಸ್ಪತ್ರೆಯ ತುಂಬ ಔಷಧಿಯ ಘಾಟು. ಡಾಕ್ಟರು ದಪ್ಪ ಕನ್ನಡಕ ಹಾಕಿದ್ದರು. ‘ಅಯ್ಯೋ, ಇವರದೂ ಮೇಲಿನ ಹಲ್ಲೇ ಕಿತ್ತಿದ್ದಾರೆ’ ಎಂದುಕೊಂಡವನೇ ಬಾಯಿಗೆ ಬೀಗ ಹಾಕಿದೆ. ಅಪ್ಪ ಗದರಿದರು, ರಮಿಸಿದರು. “ಬಾಯ್ ಬುಡ್ಲಾ ಮಗಾ, ನಾನಿಲ್ವೇನ್ಲಾ!” ಎಂದರು. ನಾನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಡಾಕ್ಟರು ಇಕ್ಕಳ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು. “ನಿನಗೆ ಯಾವುದರ ಭಯ? ಅದನ್ನ ಹೇಳು, ಆಮೇಲೆ ಹಲ್ಲಿನ ಮಾತು” ಎಂದರು.

“ಕಣ್ ಓಯ್ತದೆ ಸಾ. ನಮ್ಮಜ್ಜಿ ಯೋಳವ್ಳೆ” ಎಂದು ಅತ್ತೇಬಿಟ್ಟೆ.

ಡಾಕ್ಟರು ನಗಲಿಲ್ಲ. “ಅಜ್ಜಿಗೆ ಮೇಲಿನ ಹಲ್ಲು ಎಷ್ಟಿದಾವೆ?”

“ಒಂದೂ ಇಲ್ಲ ಸಾ. ಎಲ್ಲಾನೂ ದಾರ ಕಟ್ಟಿ ಅವ್ಳೇ ಕಿತ್ಕಂಡ್ಲು.”

“ಹಾಗಾದ್ರೆ ಅವರಿಗೆ ಕಣ್ಣು ಕಾಣೋದಿಲ್ಲ ಅನ್ನು. ಪಾಪ!”

“ಕಾಣಾಕಿಲ್ವಾ? ನಾನು ಸೀಬೆಮರ ಅತ್ತಿದ್ರೆ ಬೀದಿಯಿಂದ್ಲೇ ಕಂಡಿಡಿದು ಬಯ್ತಳೆ...” ಎಂದವನು ತಟ್ಟನೆ ನಿಲ್ಲಿಸಿದೆ. ಅಪ್ಪ ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೂ ನಗು ಬಂತು. ಯಾರ ಬಲವಂತವೂ ಇಲ್ಲದೆ ಬಾಯಿ ಅಗಲಿಸಿದೆ.

ಸೂಜಿ ಚುಚ್ಚಿದಾಗ ಚುರ್ ಎಂದಿತು, ಇಲ್ಲವೆನ್ನುವುದಿಲ್ಲ. ಆಮೇಲೆ ಕೆನ್ನೆ ಜೋಮು ಹಿಡಿಯಿತು. ಒಂದೇ ಎಳೆತಕ್ಕೆ ಹಲ್ಲು ತಟ್ಟೆಯಲ್ಲಿ ಟಣ್ ಎಂದು ಬಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ಡಾಕ್ಟರ ಮೀಸೆಯ ಒಂದೊಂದು ಬಿಳಿಕೂದಲೂ ಕಂಡಿತು! ಆಗ ಆದ ಖುಷಿ ಎಷ್ಟೆಂದು ಹೇಳಲಿ! “ರಾತ್ರಿ ಉಂಡ ಮೇಲೂ ಹಲ್ಲುಜ್ಜು. ಬೆಲ್ಲ ತಿಂದ ಕೂಡಲೇ ಬಾಯಿ ಮುಕ್ಕಳಿಸು” ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಅಜ್ಜಿ ನನ್ನ ಗಲ್ಲ ಹಿಡಿದು ಎರಡು ಕಣ್ಣನ್ನೂ ದಿಟ್ಟಿಸಿ ನೋಡಿದಳು. “ಅಂಗಾರೆ ನಂಗೇ ಯಾರೋ ಸುಳ್ಳು ಯೋಳವ್ರೆ ಕಣ್ಲಾ” ಎಂದಳು.

ಈಗ ನಿಮಗೆ ಬಣ್ಣದ ಬ್ರಷ್ಷು, ಹಣ್ಣಿನ ರುಚಿಯ ಪೇಸ್ಟು, ಮೇಲೆ ಕೆಳಗೆ ಹೋಗುವ ಕುರ್ಚಿ. ಹಲ್ಲಿನ ಡಾಕ್ಟರು ಪಕ್ಕದ ಬೀದಿಯಲ್ಲೇ ಇದ್ದಾರೆ. ಬೇಗ ಹೋದರೆ ಕೀಳದೆಯೇ ತೂತು ಮುಚ್ಚಿ ಹಲ್ಲು ಉಳಿಸಿಕೊಡುತ್ತಾರೆ. ನನಗೆ ಆ ಭಾಗ್ಯವಿರಲಿಲ್ಲ. ಆದರೂ ಹೋದ ವಾರ ಆ ಕುರ್ಚಿಯಲ್ಲಿ ಕೂತು ನಮ್ಮ ಮರಿಮಗಳು ಪುಟ್ಟಿ ಬಾಯಿ ಬಿಗಿಹಿಡಿದಾಗ ನನಗೆ ಸಿಟ್ಟು ಬರಲಿಲ್ಲ. ಅವಳ ತಲೆಗೂ ಯಾರೋ ಏನೋ ತುಂಬಿರಬೇಕು. ಭಯವಾದರೆ ಒಳಗೇ ಇಟ್ಟುಕೊಂಡು ಕೂರಬೇಡಿ ಮಕ್ಕಳೇ, ಡಾಕ್ಟರಿಗೇ ಹೇಳಿಬಿಡಿ. ಹೇಳಬೇಕಾದರೆ ಬಾಯಿ ತೆರೆಯಲೇಬೇಕಲ್ಲ, ಅವರ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು!