ಐವತ್ತೆರಡು ಸಂಚಿಕೆಗಳಲ್ಲಿ ಸಿಗದ ಓರ್ನಾ

ಆರ್ಲಿಸ್ ಹೌಗೆನ್ ಮೂವತ್ತೊಂದು ವರ್ಷ ದೊಡ್ಡ ಸರೋವರದ ದಂಡೆಯ ನಮ್ಮ ಡುಲುತ್ ಊರಿನ ಬಸ್ಸುಗಳ ಕೆಳಗೆ ಅಂಗಾತ ಮಲಗಿ ಬದುಕಿದವಳು. ಬಸ್ ಗ್ಯಾರೇಜಿಗೆ ಸೇರಿದ ಮೊದಲ ಹೆಣ್ಣು ಮೆಕ್ಯಾನಿಕ್. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಉಗುರಿನ ಸಂದಿಯ ಕಪ್ಪು ಪೂರ್ತಿ ಹೋಗಿಲ್ಲ. ಗಂಡ ತೀರಿಕೊಂಡಿದ್ದಾನೆ, ಮಗಳು ಬ್ರಿಟ್ಟಾ ಇದೇ ಊರಿನಲ್ಲಿ ಮದುವೆಯಾಗಿ ಬೇರೆ ಇದ್ದಾಳೆ. ಮಾತು ಕಡಿಮೆ, ಹಟ ಜಾಸ್ತಿ. ನಾನು ರೂಬೆನ್, ಅವಳ ಬೀದಿಗೆ ಇಪ್ಪತ್ತಾರು ವರ್ಷ ಅಂಚೆ ಹಂಚಿದವನು. ಯಾವ ಮನೆಗೆ ಯಾವ ಸಂಖ್ಯೆ, ಯಾರ ನಾಯಿ ಕಚ್ಚುತ್ತದೆ, ಯಾರ ನಾಯಿ ಬರೀ ಬೊಗಳುತ್ತದೆ ಎಂದು ಈಗಲೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ನೆನಪಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಭವೇ ಇತ್ತು ಅನ್ನಿ.

ನಮ್ಮಿಬ್ಬರನ್ನು ಜೋಡಿಸಿದ್ದು 'ದೂರದ ಲಾಂದ್ರ' ಎಂಬ ಧಾರಾವಾಹಿ. ಎಂಬತ್ತರ ದಶಕದ ಕೊನೆಯಲ್ಲಿ ನಾಲ್ಕು ಸೀಸನ್ ಓಡಿ, ನೋಡುವವರಿಲ್ಲ ಎಂದು ನಿಂತುಹೋದ ಬಾಹ್ಯಾಕಾಶದ ಕಥೆ. ಹಳೇ ಹಡಗೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ಸಾಮಾನು ಸಾಗಿಸುತ್ತದೆ. ಅದರ ಇಂಜಿನ್ ನೋಡಿಕೊಳ್ಳುವವಳು ಓರ್ನಾ ವೇಲ್. ಜಗತ್ತು ಮರೆತರೂ ನಾವು ಏಳು ಜನ ಮರೆತಿಲ್ಲ. ತಿಂಗಳ ಎರಡನೇ ಶನಿವಾರ ಲೈಬ್ರರಿಯ ಕೆಳಕೋಣೆಯಲ್ಲಿ ಸೇರಿ, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಓರ್ನಾ ವಿಷಯಕ್ಕೆ ಜಗಳವಾಡುತ್ತೇವೆ. ಅವಳು ಕ್ಯಾಪ್ಟನ್ನನ್ನು ಪ್ರೀತಿಸುತ್ತಿದ್ದಳೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಹನ್ನೊಂದು ವರ್ಷ ತೆಗೆದುಕೊಂಡಿದ್ದೇವೆ, ಇನ್ನೂ ಮುಗಿದಿಲ್ಲ.

ನಮ್ಮಲ್ಲೊಂದು ಕಟ್ಟಳೆ ಉಂಟು. ಓರ್ನಾ ಹೀಗಂದಳು, ಹಾಗೆ ಮಾಡಿದಳು ಎಂದು ಯಾರೇ ಹೇಳಲಿ, ಯಾವ ಸೀಸನ್, ಎಷ್ಟನೇ ಸಂಚಿಕೆ ಎಂದು ತಕ್ಷಣ ಹೇಳಬೇಕು. ತಪ್ಪಿದವರು ಮುಂದಿನ ತಿಂಗಳು ಒಂದು ದೊಡ್ಡ ತಟ್ಟೆ ನಿಂಬೆ ಬಾರ್ ಎಂಬ ಸಿಹಿ ಬೇಯಿಸಿ ತರಬೇಕು. ಹನ್ನೊಂದು ವರ್ಷದಲ್ಲಿ ಆರ್ಲಿಸ್ ಒಮ್ಮೆಯೂ ತಂದವಳಲ್ಲ.

ಮಾರ್ಚಿನ ಶನಿವಾರ ಮಾತು ತೆಗೆದದ್ದು ಮಾರ್ನಿ. ಇಪ್ಪತ್ನಾಲ್ಕರ ಹುಡುಗಿ, ಧಾರಾವಾಹಿ ನಿಂತು ಎಷ್ಟೋ ವರ್ಷದ ಮೇಲೆ ಹುಟ್ಟಿದವಳು. ಆದರೂ ಸಂಚಿಕೆಗಳ ಪಟ್ಟಿ, ಮಾತುಗಳ ಪಟ್ಟಿ ಎಲ್ಲ ಅವಳ ಕಂಪ್ಯೂಟರಿನಲ್ಲೇ ಇರುವುದು.

"ನಂಗೆ ಓರ್ನಾ ಯಾಕಿಷ್ಟ ಅಂದ್ರೆ, ಅವ್ಳು ಯಾರ ಮುಂದೆಯೂ 'ಗೊತ್ತಿಲ್ಲ' ಅನ್ನಲ್ಲ. ನಾಲ್ಕು ಸೀಸನ್ನಲ್ಲಿ ಒಂದೇ ಒಂದ್ಸಲ ಕೂಡ ಇಲ್ಲ," ಎಂದಳು.

"ಯಾರು ಹೇಳಿದ್ದು? ಅಂದಿದ್ದಾಳಲ್ಲ," ಎಂದಳು ಆರ್ಲಿಸ್. "ಹಿಮದ ಚಂದ್ರನ ಮೇಲೆ ಹಡಗು ಕೆಟ್ಟು ನಿಂತಿರತ್ತೆ. ಇಂಜಿನ್ ಶುರುವಾಗತ್ತಾ ಅಂತ ಕ್ಯಾಪ್ಟನ್ ಬಂದು ಕೇಳ್ತಾನೆ. ಓರ್ನಾ ಒಂದು ಕೆಂಪು ಬಕೆಟ್ಟು ಬೋರಲು ಹಾಕ್ಕೊಂಡು ಕೂತ್ಕೋತಾಳೆ. ಕೈ ಒರೆಸ್ಕೊಂಡು ಹೇಳ್ತಾಳೆ, 'ಗೊತ್ತಿಲ್ಲ ಕ್ಯಾಪ್ಟನ್. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ ಮೇಲೇನೇ ನನ್ನ ಕೈ ಓಡೋದು. ಈಗ ಹೇಳಾಯ್ತು, ದೀಪ ಹಿಡ್ಕೊಳ್ಳಿ' ಅಂತ."

"ಎಷ್ಟನೇ ಸಂಚಿಕೆ?"

"ಎರಡನೇ ಸೀಸನ್. ಒಂಬತ್ತು."

ಮಾರ್ನಿ ಹುಡುಕಿದಳು. ಒಂಬತ್ತರಲ್ಲಿ ಹಿಮದ ಚಂದ್ರನೇನೋ ಇದ್ದ, ಬಕೆಟ್ಟು ಇರಲಿಲ್ಲ, ಆ ಮಾತೂ ಇರಲಿಲ್ಲ. ಹತ್ತರಲ್ಲಿ ನೋಡಿದಳು, ಎಂಟರಲ್ಲಿ ನೋಡಿದಳು. ಕೊನೆಗೆ ಐವತ್ತೆರಡು ಸಂಚಿಕೆಗಳ ಮಾತನ್ನೂ ಜಾಲಾಡಿ, "ಎಲ್ಲೂ ಇಲ್ವಲ್ಲ ಆರ್ಲಿಸ್. ನೀವು ಬೇರೆ ಯಾವ್ದೋ ಧಾರಾವಾಹಿ ಜೊತೆ ಕಲಸ್ಕೊಂಡಿದೀರ ಅನ್ಸತ್ತೆ," ಎಂದಳು.

"ಬಾರ್! ನಿಂಬೆ ಬಾರ್!" ಎಂದು ಎಲ್ಲರೂ ಮೇಜು ಕುಟ್ಟಿದರು. ನಾನಂತೂ ಸಿಕ್ಕಿದ್ದೇ ಅವಕಾಶವೆಂದು, "ತಲೆ ಎಲ್ಲಿಟ್ಟು ಬಂದ್ಯೇ ಆರ್ಲಿಸ್? ಗ್ಯಾರೇಜಲ್ಲೇ ಬಿಟ್ಟು ಬಂದ್ಯಾ?" ಎಂದು ಛೇಡಿಸಿದೆ. ಅವಳು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು.

ಕಾರು ನಿಲ್ಲಿಸಿದ ಕಡೆಗೆ ನಡೆಯುವಾಗ ಅವಳೇ ಬಾಯಿಬಿಟ್ಟಳು. ಕಳೆದ ತಿಂಗಳು ಎರಡು ಸಲ ಒಲೆ ಆರಿಸುವುದನ್ನು ಮರೆತಿದ್ದಳಂತೆ. ಮೊಮ್ಮಗಳ ಹೆಸರು ಹಿಡಿದು ಮಗಳನ್ನು ಕರೆದಳಂತೆ. ಬ್ರಿಟ್ಟಾ ಹೆದರಿ, ನೆನಪಿನ ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ ಏಪ್ರಿಲಿನಲ್ಲಿ ಒಂದು ಮಂಗಳವಾರ ಗೊತ್ತುಮಾಡಿದ್ದಾಳೆ.

"ನಮ್ಮಮ್ಮ ಕೊನೇ ಆರು ವರ್ಷ ನನ್ನನ್ನ ನರ್ಸು ಅಂದ್ಕೊಂಡಿದ್ಲು ರೂಬೆನ್," ಎಂದಳು. "ಒಲೆ ಎಲ್ರೂ ಮರೀತಾರೆ, ಅದು ಹೋಗ್ಲಿ. ಆದ್ರೆ ಇದು? ಈ ಮಾತಿನ ಮೇಲೆ ನಾನು ಬದುಕು ಕಟ್ಕೊಂಡಿದೀನಿ ಕಣೋ. ಇದೇ ಇಲ್ಲ ಅಂದ್ರೆ, ಇನ್ನು ಏನೇನಿಲ್ಲ?"

ಅವಳು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಗ್ಯಾರೇಜಿಗೆ ಸೇರಿದ ಮೊದಲ ಚಳಿಗಾಲ ಗಂಡಸರು ಅವಳ ಪಾನಾಗಳನ್ನು ಬಚ್ಚಿಡುತ್ತಿದ್ದರು. ಗೊತ್ತಿಲ್ಲ ಎಂದರೆ ಆಡಿಕೊಂಡಾರೆಂದು ಎಲ್ಲ ಗೊತ್ತಿದ್ದವಳಂತೆ ನಟಿಸಿ, ಒಂದು ಬಸ್ಸಿನ ಬ್ರೇಕು ಕೆಡಿಸಿದಳು. ಕೆಲಸ ಬಿಡುವ ಪತ್ರ ಬರೆದಿಟ್ಟ ವಾರವೇ ಓರ್ನಾಳ ಆ ಮಾತು ಸಿಕ್ಕಿತಂತೆ. ಮರುದಿನ ಮೇಸ್ತ್ರಿಯ ಎದುರು ನಿಂತು, "ಈ ಬ್ರೇಕು ನಂಗೆ ಗೊತ್ತಿಲ್ಲ, ತೋರಿಸಿ," ಎಂದಳು. ಆತ ಗೊಣಗುತ್ತಲೇ ಬಸ್ಸಿನ ಕೆಳಗೆ ತೂರಿದ. ಅವಳು ಪತ್ರ ಹರಿದುಹಾಕಿದಳು. ಆಮೇಲೆ ಅವಳ ಕೈಕೆಳಗೆ ಕಲಿತವರಿಗೆಲ್ಲ ಅವಳು ಮೊದಲ ದಿನ ಹೇಳಿಕೊಡುತ್ತಿದ್ದದ್ದು ಅದೇ ಒಂದು ಮಾತು.

"ಮಾರ್ನಿ ಪಟ್ಟೀಲಿ ಬಿಟ್ಟುಹೋಗಿರ್ಬೋದು. ಎಲ್ಲಾನೂ ಕಣ್ಣಾರೆ ನೋಡೋಣ ಬಿಡು," ಎಂದೆ. ಸಮಾಧಾನಕ್ಕೆ ಹೇಳಿದ್ದು. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಹಾಗೆ ಶುರುವಾಯಿತು ನಮ್ಮ ತಪಸ್ಸು. ವಾರಕ್ಕೆ ನಾಲ್ಕು ಮಧ್ಯಾಹ್ನ ಅವಳ ಮನೆಯ ಸೋಫಾದಲ್ಲಿ ಕೂತು, ಅವಳು ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ತಿನ್ನುತ್ತಾ ದಿನಕ್ಕೆ ನಾಲ್ಕೈದರಂತೆ ಸಂಚಿಕೆ ನೋಡಿದೆವು. ಹಡಗಿನಲ್ಲಿ ಎಲ್ಲಾದರೂ ಬಕೆಟ್ಟು ಕಂಡರೆ ಇಬ್ಬರೂ ಮುಂದಕ್ಕೆ ಬಾಗುತ್ತಿದ್ದೆವು. ಮೊದಲ ಸೀಸನ್ನಿನಲ್ಲಿ ಒಂದು ಸಿಕ್ಕಿತು, ನೀಲಿಯದು. ಅದರೊಳಗೆ ಓರ್ನಾ ವಾಂತಿ ಮಾಡಿಕೊಂಡಳು.

ವಿಚಿತ್ರವೆಂದರೆ, ನೋಡುತ್ತಾ ಹೋದಂತೆ ಆ ದೃಶ್ಯ ನನ್ನ ಕಣ್ಣಿಗೂ ಕಟ್ಟತೊಡಗಿತು. ಕೆಂಪು ಬಕೆಟ್ಟಿನ ಹಿಡಿ ಮುರಿದಿತ್ತು ಎಂದು ಒಮ್ಮೆ ನನ್ನ ಬಾಯಿಂದ ಬಂದೇ ಬಂತು. ಆರ್ಲಿಸ್ ಬೆಚ್ಚಿ, "ಹೌದು, ಮುರಿದಿತ್ತು! ನಾನು ನಿಂಗೆ ಹೇಳಿದ್ನಾ?" ಎಂದಳು. ಹೇಳಿರಬೇಕು ಎಂದುಕೊಂಡೆವು. ಯಾರು ಯಾರಿಗೆ ಏನು ಹೇಳಿದ್ದೆವೋ, ಯಾವುದು ಕಂಡದ್ದೋ ಯಾವುದು ಕೇಳಿದ್ದೋ, ತಲೆ ಚಿಟ್ಟು ಹಿಡಿಯಿತು.

ಒಂದು ಗುರುವಾರ ನಾನು ಹೋಗಿ ಬಾಗಿಲು ತಟ್ಟಿದರೆ ಅವಳು ಏಪ್ರನ್ ಕಟ್ಟಿಕೊಂಡೇ ಬಂದು ಕಕ್ಕಾಬಿಕ್ಕಿಯಾಗಿ ನಿಂತಳು. "ನಿನ್ನೆ ಅಲ್ವಾ ಬರ್ತೀನಿ ಅಂದಿದ್ದು? ಕಾದೂ ಕಾದೂ ಸಾಕಾಯ್ತು."

"ಗುರುವಾರ ಅಂತ ನೀನೇ ಹೇಳಿದ್ದು ಮಾರಾಯ್ತಿ," ಎಂದೆ, ಸ್ವಲ್ಪ ಜೋರಾಗಿಯೇ.

ಮೊದಲಿನ ಆರ್ಲಿಸ್ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಈಗ ಅವಳು ಮುಖ ತಗ್ಗಿಸಿ, "ಇರ್ಬೋದು. ಈಗೀಗ ನಂದೇ ತಪ್ಪಾಗತ್ತೆ," ಎಂದು ದಾರಿ ಬಿಟ್ಟಳು. ಇಷ್ಟು ಗಟ್ಟಿ ಹೆಂಗಸು ಹೀಗೆ ಕರಗಿಹೋಗುತ್ತಾಳಲ್ಲ ಎಂದು ಮನೆಗೆ ವಾಪಸಾಗುವ ದಾರಿಯುದ್ದಕ್ಕೂ ಮರುಗಿದೆ.

ಐವತ್ತೆರಡನೆಯ ಸಂಚಿಕೆಯೂ ಮುಗಿಯಿತು. ಬಕೆಟ್ಟಿಲ್ಲ, ಮಾತಿಲ್ಲ. ಆರ್ಲಿಸ್ ಟೀವಿ ಆರಿಸಿ ತಟ್ಟೆ ತೊಳೆಯಲು ಹೋದಳು. ನೀರು ಬಿಟ್ಟುಕೊಂಡು, ನನ್ನ ಕಡೆ ತಿರುಗದೆ, "ಪರೀಕ್ಷೆ ಆಗೋವರೆಗೂ ಕಾಯಲ್ಲ. ಕಾರು ಮಾರು, ಮನೇನೂ ಮಾರ್ಬಿಡು ಅಂತ ಬ್ರಿಟ್ಟಾಗೆ ಹೇಳ್ಬಿಡ್ತೀನಿ," ಎಂದಳು.

"ಒಂದು ದೃಶ್ಯ ಸಿಗ್ಲಿಲ್ಲ ಅಂತ ಮನೆ ಮಾರ್ತಾರೇನೇ?"

"ನಿಂಗೆ ಅದು ದೃಶ್ಯ. ನನ್ ತಲೇಲಿ ಅದಕ್ಕಿಂತ ಗಟ್ಟಿಯಾಗಿ ಇನ್ಯಾವ್ದೂ ನಿಂತಿಲ್ಲ. ಅದೇ ಸುಳ್ಳು ಅಂದ್ಮೇಲೆ, ರಸ್ತೇಲಿ ಕೆಂಪು ದೀಪ ಇದೆಯೋ ಇಲ್ವೋ ಅಂತ ನಾನು ಹ್ಯಾಗೋ ನಂಬ್ಲಿ?"

ಸರೋವರದ ಮಂಜುಗಡ್ಡೆ ಒಡೆಯುತ್ತಿದ್ದ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ನಾನು ಕೋಟು ಹಾಕಿಕೊಂಡು ಹೊರಟೆ.

ಏಪ್ರಿಲಿನ ಶನಿವಾರ ಆರ್ಲಿಸ್ ನಿಂಬೆ ಬಾರ್ ತಂದಳು. ಅಂಚೆಲ್ಲ ಸಮನಾಗಿ ಕತ್ತರಿಸಿ, ಮೇಲೆ ಸಕ್ಕರೆ ಪುಡಿ ಉದುರಿಸಿದ್ದಳು. ಯಾರೂ ತಮಾಷೆ ಮಾಡಲಿಲ್ಲ. ಬ್ರಿಟ್ಟಾ ಕರೆದೊಯ್ಯುವ ಮಂಗಳವಾರ ಇನ್ನು ಮೂರೇ ದಿನವಿತ್ತು. ಇದು ತನ್ನ ಕೊನೆಯ ಶನಿವಾರ ಎಂದು ಹೇಳಲು ಅವಳು ಎದ್ದು ನಿಂತಿದ್ದಳು. ಅಷ್ಟರಲ್ಲಿ ಮಾರ್ನಿ ಓಡೋಡಿ ಬಂದಳು, ಕೈಯಲ್ಲಿ ನಾಲ್ಕಾರು ಹಾಳೆ.

"ಕೂತ್ಕೊಳ್ಳಿ ಆರ್ಲಿಸ್, ಕೂತ್ಕೊಳ್ಳಿ. ಸಿಕ್ತು!"

ಎಲ್ಲೂ ಸಿಗದ ಆ ಮಾತು ಅವಳ ಮನಸ್ಸನ್ನೂ ಕೊರೆಯುತ್ತಿತ್ತಂತೆ. ಇಂಟರ್ನೆಟ್ಟಿನಲ್ಲಿ 'ದೂರದ ಲಾಂದ್ರ'ದ ಹಳೇ ಅಭಿಮಾನಿಗಳನ್ನೆಲ್ಲ ವಿಚಾರಿಸಿದ್ದಾಳೆ. ಕೆನಡಾದ ವಿನ್ನಿಪೆಗ್ಗಿನ ಮುದುಕಿಯೊಬ್ಬಳು ಪೆಟ್ಟಿಗೆ ತಡಕಿ ಇದನ್ನು ಕಳಿಸಿದ್ದಾಳೆ. ಟೈಪ್ ಮಾಡಿ, ಜೆರಾಕ್ಸ್ ತೆಗೆದು, ಪಿನ್ನು ಹೊಡೆದ ಪತ್ರಿಕೆಯ ಪುಟಗಳು. ಆಗೆಲ್ಲ ಹಾಗೇ ಇತ್ತು. ಟೀವಿಯಿಂದ ರೆಕಾರ್ಡ್ ಮಾಡಿದ ಸಂಚಿಕೆಯ ಟೇಪು, ಅಭಿಮಾನಿಗಳೇ ಬರೆದ ಕಥೆಗಳ ಪತ್ರಿಕೆ, ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದೆವು. ನೋಡಿ, ಓದಿ, ಪಟ್ಟಿಯ ಮುಂದಿನ ಹೆಸರಿಗೆ ಕಳಿಸಬೇಕು. ಯಾರೂ ಇಟ್ಟುಕೊಳ್ಳುವಂತಿರಲಿಲ್ಲ, ಯಾರಿಗೆ ಯಾರ ಮುಖ ಪರಿಚಯವೂ ಇರಲಿಲ್ಲ.

ಮಾರ್ನಿ ಓದತೊಡಗಿದಳು. ಹಿಮದ ಚಂದ್ರ. ಕೆಟ್ಟ ಹಡಗು. ಹಿಡಿ ಮುರಿದ ಕೆಂಪು ಬಕೆಟ್ಟು. "ಗೊತ್ತಿಲ್ಲ ಕ್ಯಾಪ್ಟನ್..." ಅವಳು ಓದುತ್ತಿದ್ದಂತೆ ಆರ್ಲಿಸಳ ತುಟಿಯೂ ಅಲುಗುತ್ತಿತ್ತು. ಒಂದು ಪದ ಹಿಂದೆ ಮುಂದೆ ಇಲ್ಲ. ಮೂವತ್ತೈದು ವರ್ಷದ ಕೆಳಗೆ ಒಂದೇ ಒಂದು ಸಲ ಓದಿದ್ದು. ಅದೇ ಸಂಜೆ ಟೇಪು ನೋಡಿದ್ದರಿಂದ ಓದಿದ್ದೂ ನೋಡಿದ್ದೂ ಒಂದಾಗಿಬಿಟ್ಟಿತ್ತು, ಅಷ್ಟೇ.

"ನನ್ ತಲೆ ಸರಿಯಾಗೇ ಇದೆ," ಎಂದಳು ಆರ್ಲಿಸ್. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ನೋಡ್ರೋ, ಸರಿಯಾಗೇ ಇದೆ!" ಅವಳು ಅಳುತ್ತಿದ್ದಳು. ಎಲ್ಲರೂ ಎದ್ದು ಬೆನ್ನು ತಟ್ಟಿದರು.

"ಪುಣ್ಯಾತ್ಮ ಯಾರು ಇದನ್ನ ಬರೆದವ್ನು? ಹೆಸರಿದ್ಯಾ?" ಎಂದು ನಾನೇ ಕೇಳಿದೆ.

ಮಾರ್ನಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ತಮಾಷೆ ಮಾಡ್ತಿದೀರಾ ರೂಬೆನ್? ನೀವಲ್ವಾ?"

ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಕಥೆಯ ಕೆಳಗೆ ಟೈಪಿನಲ್ಲಿ ನನ್ನ ಹೆಸರಿತ್ತು, ರೂಬೆನ್ ಸಾಲ್ಮೆಲಾ. ಅದರ ಪಕ್ಕ ನನ್ನದೇ ವಕ್ರ ಸಹಿ. ಎಲ್ಲರೂ ನಕ್ಕರು. ಇಷ್ಟು ದಿನ ಬಾಯಿಮುಚ್ಚಿಕೊಂಡು ಆಟ ಆಡಿಸಿದೆಯಲ್ಲ ಕಳ್ಳಾ ಎಂದು ಯಾರೋ ಹೆಗಲಿಗೆ ಗುದ್ದಿದರು.

ನಾನು ಪುಟ ಹಿಡಿದು ಮೇಲಿಂದ ಕೆಳಗೆ ಓದಿದೆ. ಇನ್ನೊಮ್ಮೆ ಓದಿದೆ. ಆ ಟೈಪ್‌ರೈಟರು ನೆನಪಿದೆ, ಅದನ್ನಿಟ್ಟಿದ್ದ ಮೇಜೂ ನೆನಪಿದೆ. ಆದರೆ ಆ ಕಥೆಯ ಒಂದು ಸಾಲೂ ನನ್ನದೆಂದು ಅನ್ನಿಸಲಿಲ್ಲ. ಹಳೆಯದನ್ನು ಮರೆಯುವುದು ಹೋಗಲಿ, ಮೂರು ವಾರ ಅವಳ ಪಕ್ಕದಲ್ಲೇ ಕೂತು, ನಾನೇ ಬರೆದ ಮಾತನ್ನು ಅವಳ ಬಾಯಿಂದ ದಿನಾ ಕೇಳಿ, ನನಗೆ ಏನೂ ಹೊಳೆದಿರಲಿಲ್ಲ. ಆ ಗುರುವಾರವೂ ಯಾರ ತಪ್ಪಾಗಿತ್ತೋ ಏನೋ. ಭಯವಾಯಿತು. ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ನಗು ಮೊದಲು ನಿಲ್ಲಿಸಿದವಳು ಆರ್ಲಿಸ್. ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದಳು.

"ನೀನು ಆಟ ಆಡಿಸ್ಲಿಲ್ಲ, ಅಲ್ವಾ?"

"ಇಲ್ಲ ಕಣೇ," ಎಂದೆ.

ಅವಳು ತನ್ನ ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಬೇರೆಯವರಿಗೆ ಕೇಳಿಸದ ಹಾಗೆ, "ಮಂಗಳವಾರ ಹತ್ತೂವರೆಗೆ ಡಾಕ್ಟರು ನನಗೋಸ್ಕರ ಕಾಯ್ತಿರ್ತಾರೆ," ಎಂದಳು. "ನನ್ನ ಬದ್ಲು ನೀನು ಹೋಗು. ಜೊತೆಗೆ ನಾನೂ ಬರ್ತೀನಿ."